ಕಣ ಮುಗಿಯದೆ ಸುಗ್ಗಿಹಬ್ಬವೇ?

ಅಯ್ಯನವರಿಗೆ, ಎಂದರೆ ನಮ್ಮ ಚರ್ಚಿನ ಸಭಾಪಾಲಕರಿಗೆ, ವರ್ಗವಾಗಿದೆ ಎಂಬ ಸುದ್ದಿ ನಮಗೆ ಮುಟ್ಟಿದ್ದು ಹುಣಸೆಹಣ್ಣು ಕುಟ್ಟುವ ಕಾಲದಲ್ಲಿ. ಮಧುಗಿರಿ ಸೀಮೆಯಲ್ಲಿ ಶಿವರಾತ್ರಿ ಕಳೆಯಿತೆಂದರೆ ಹೆಂಗಸರು ಮನೆ ಮುಂದೆ ಕಲ್ಲು ಹಾಕಿಕೊಂಡು ಕೂತುಬಿಡುತ್ತಾರೆ. ಓಡು ಬಿಡಿಸಬೇಕು, ನಾರು ತೆಗೆಯಬೇಕು, ಕುಟ್ಟಿ ಬೀಜ ಉದುರಿಸಬೇಕು. ನಮ್ಮ ಕೇರಿಯವರು ಕುಟ್ಟುತ್ತಿದ್ದದ್ದು ಕೂಲಿಗೆ, ಹಣ್ಣು ಬೇರೆಯವರದು. ಈಸ್ಟರಿಗೆ ಮುಂಚಿನ ಲೆಂಟ್ ದಿನಗಳೂ ಇದೇ ಸಮಯಕ್ಕೆ ಬರುವುದರಿಂದ ಯೇಸುವಿನ ಶ್ರಮೆಯ ಕೀರ್ತನೆಗಳನ್ನೆಲ್ಲ ನಾನು ಮೊದಲು ಕೇಳಿದ್ದು ಆ ಕಲ್ಲಿನ ಸದ್ದಿನ ಜೊತೆಗೇ.

ತುಮಕೂರಿಗೆ ಹೋಗಿದ್ದ ದೊಡ್ಡಪ್ಪ ಬಸ್ಸಿಳಿದು ಬಂದವರು ಟವೆಲ್ ಕೊಡವಿ ಜಗಲಿಯ ಮೇಲೆ ಕೂತರು. ಅವರು ಸಭೆಯ ಹಿರಿಯರು. "ಅಯ್ನೋರ್ಗೆ ವರ್ಗ ಆಗೈತಂತೆ. ಮೇ ತಿಂಗಳಿಗೆ ಹೊಸಬ್ರು ಬತ್ತಾರೆ" ಎಂದರು. ಕುಟ್ಟುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಅತ್ತೆ ಕೇಳಿದ್ದು ಒಂದೇ ಮಾತು: "ಈಸ್ಟರ್ ಆದ್ರೂ ಇವ್ರೇ ಮಾಡ್ತಾರೋ, ಇಲ್ವೋ?" ಅಜ್ಜಿ ಮಾತ್ರ ಕುಟ್ಟುತ್ತಲೇ ಇದ್ದರು. "ಅಯ್ನೋರು ಬತ್ತಾರೆ, ಹೋಯ್ತಾರೆ. ನಾವ್ ಇಲ್ಲೇ ಇರ್ತೀವಲ್ಲ" ಎಂದರು.

ಎಂಬತ್ತರ ದಶಕದ ನಡುಗಾಲ ಅದು. ಮಳೆ ಕೈಕೊಟ್ಟ ವರ್ಷಗಳು. ನಾನು ಹೈಸ್ಕೂಲಿನಲ್ಲಿದ್ದೆ. ಮುಂದಿನ ಒಂದು ವರ್ಷದಲ್ಲಿ ನಡೆದದ್ದನ್ನು ನಮ್ಮ ಮನೆಯಲ್ಲಿ ಎಲ್ಲರೂ ಸೇರಿದಾಗ ಈಗಲೂ ಯಾರಾದರೊಬ್ಬರು ಎತ್ತುತ್ತಾರೆ. ಒಬ್ಬೊಬ್ಬರದು ಒಂದೊಂದು ಥರ. ಇದು ನನ್ನ ಪಾಲಿನದು.

ನಮ್ಮ ಸಭೆ ಎಂದರೆ ಒಂದು ಊರಿನದಲ್ಲ. ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡ: ಸರ್ಕಾರದ ಲೆಕ್ಕದಲ್ಲಿ ನಾಲ್ಕು ತಾಲ್ಲೂಕು, ಅಯ್ಯನವರ ಲೆಕ್ಕದಲ್ಲಿ ಒಂದೇ ಸುತ್ತು. ಇಲ್ಲಿ ಹತ್ತು ಮನೆ, ಅಲ್ಲಿ ಆರು ಮನೆ. ಕೊರಟಗೆರೆ ಕಡೆ ಜಯಮಂಗಲಿಯ ತಂಪು ಒಂದಿಷ್ಟು ಉಂಟು, ಅಡಕೆ ತೆಂಗು ಕಾಣುತ್ತದೆ. ಸಿರಾದ ಕಡೆ ಕಡ್ಲೆಕಾಯಿಯ ಬಯಲು. ಪಾವಗಡಕ್ಕೆ ಹೆಚ್ಚುಕಡಿಮೆ ಸುತ್ತಲೂ ಆಂಧ್ರ. ಬಂಡೆ, ಬಿಸಿಲು, ಅರ್ಧ ತೆಲುಗು. ಇಷ್ಟಕ್ಕೆಲ್ಲ ಒಬ್ಬರೇ ಅಯ್ಯನವರು. ತಿಂಗಳಿಗೊಮ್ಮೆ ಒಂದು ಊರಿಗೆ ಬಂದರೆ ಹೆಚ್ಚು. ಕರ್ತನ ಭೋಜನವನ್ನು ಅಭಿಷೇಕವಾದ ಅಯ್ಯನವರೇ ನಡೆಸಬೇಕಾದ್ದರಿಂದ ಅದು ಅವರು ಬಂದ ದಿನ ಮಾತ್ರ. ಉಳಿದ ಭಾನುವಾರಗಳಲ್ಲಿ ಉಪದೇಶಿಯೋ ದೊಡ್ಡಪ್ಪನೋ ಆರಾಧನೆ ನಡೆಸುತ್ತಿದ್ದರು.

ಅಯ್ಯನವರನ್ನು ಊರಿಂದೂರಿಗೆ ಬದಲಿಸುವ ಈ ಪದ್ಧತಿ ವೆಸ್ಲಿಯವರ ಕಾಲದ್ದು. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ತಮ್ಮ ಬೋಧಕರನ್ನು ಒಂದೇ ಕಡೆ ಬೇರು ಬಿಡಲು ಬಿಡುತ್ತಿರಲಿಲ್ಲ. ಮೂರು ವರ್ಷ ಮೀರಿ ಒಂದೇ ಸುತ್ತಿನಲ್ಲಿ ಇರುವಂತಿಲ್ಲ ಎಂಬುದು ಅವರ ಮೆಥೊಡಿಸ್ಟ್ ಪಂಗಡದ ಕಟ್ಟಲೆಯಾಯಿತು. ಆ ವೆಸ್ಲಿಯನ್ನರೇ ನಮ್ಮ ಜಿಲ್ಲೆಗೆ ಬಂದದ್ದು. 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆ ಹೂಡಿದರು. 1839ರಲ್ಲಿ ಅಲ್ಲಿಗೆ ಬಂದ ವಿಲಿಯಂ ಆರ್ಥರ್ ಕಣ್ಣಿನ ಬೇನೆಯಿಂದ ಬೇಗನೆ ಹಿಂದಿರುಗಿದರೂ ಗುಬ್ಬಿಯ ದಿನಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ಆಮೇಲೆ ಧಾತು, ಈಶ್ವರ ಸಂವತ್ಸರಗಳ ಬರ, 1876ರಿಂದ 78ರವರೆಗೆ. ತಂದೆತಾಯಿ ಇಲ್ಲದೆ ಉಳಿದ ಮಕ್ಕಳಿಗಾಗಿ ಮಿಷನ್ನಿನವರು ಅನಾಥಾಲಯ ತೆರೆದರು, ಗಂಡುಮಕ್ಕಳಿಗೆ ತುಮಕೂರಿನಲ್ಲಿ, ಹೆಣ್ಣುಮಕ್ಕಳಿಗೆ ಹಾಸನದಲ್ಲಿ. ಅಜ್ಜಿಯ ಅಜ್ಜ ಆ ಬರದಲ್ಲಿ ಉಳಿದ ಮಗು ಎಂದು ಮನೆಯಲ್ಲಿ ಹೇಳುತ್ತಿದ್ದರು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್ನರು, ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ಒಂದಾಗಿ ದಕ್ಷಿಣ ಭಾರತ ಸಭೆಯಾದಾಗ ನಾವೂ ಸಿ.ಎಸ್.ಐ. ಆದೆವು, ಬಿಷಪರು ಬಂದರು. ವರ್ಗಾವಣೆ ಮಾತ್ರ ಹಾಗೆಯೇ ಉಳಿಯಿತು.

ಹಳೆಯ ಅಯ್ಯನವರು ಸೈಕಲ್ಲಿನವರು. ಬಸ್ಸಿನ ಟಾಪಿನ ಮೇಲೆ ಸೈಕಲ್ ಹಾಕಿಸಿಕೊಂಡು ಮಿಡಿಗೇಶಿಯ ಹತ್ತಿರ ಇಳಿದು ಅಲ್ಲಿಂದ ಒಳದಾರಿ ತುಳಿಯುತ್ತಿದ್ದರು. ಯಾರ ಮನೆಯಲ್ಲಿ ಎಮ್ಮೆ ಕರು ಹಾಕಿದೆ, ಯಾರ ಮಗಳು ತವರಿಗೆ ಬಂದು ಕೂತಿದ್ದಾಳೆ, ಯಾವ ಹೊಲಕ್ಕೆ ಮಳೆ ಬಿದ್ದಿಲ್ಲ, ಎಲ್ಲ ಅವರ ತಲೆಯಲ್ಲಿತ್ತು. ಪ್ರಾರ್ಥನೆಯಲ್ಲಿ ಅವನ್ನೆಲ್ಲ ಹೆಸರು ಹಿಡಿದು ದೇವರಿಗೆ ಒಪ್ಪಿಸುತ್ತಿದ್ದರು. ಪ್ರಾರ್ಥನೆ ಉದ್ದವಾಗುತ್ತಿತ್ತು, ಹುಡುಗರಾದ ನಮಗೆ ಮೊಣಕಾಲು ನೋಯುತ್ತಿತ್ತು.

ಅವರ ಕೊನೆಯ ಈಸ್ಟರ್ ನನಗೆ ಚೆನ್ನಾಗಿ ನೆನಪಿದೆ. ಗರಿಗಳ ಭಾನುವಾರಕ್ಕೆ ನಮ್ಮಲ್ಲಿ ಈಚಲ ಗರಿ. ಹಳ್ಳದ ದಂಡೆಯಿಂದ ಹುಡುಗರು ಕಡಿದು ತರುತ್ತಿದ್ದರು, ಮುಳ್ಳು ತರಚದ ಕೈ ಒಂದೂ ಇರುತ್ತಿರಲಿಲ್ಲ. ಶುಭ ಶುಕ್ರವಾರ ಹನ್ನೆರಡರಿಂದ ಮೂರು ಗಂಟೆಯವರೆಗೆ ಶಿಲುಬೆಯ ಮೇಲಿನ ಏಳು ಮಾತುಗಳು, ಒಂದೊಂದು ಮಾತಿಗೆ ಒಬ್ಬೊಬ್ಬ ಹಿರಿಯರು ಎದ್ದು ಮಾತಾಡಬೇಕು. ಏಳೂ ಜನ ಗಂಡಸರೇ. ಹೆಂಚಿನ ಸೂರು ಕಾದು, ಹಸಿದ ಹೊಟ್ಟೆಯಲ್ಲಿ ಐದನೆಯ ಮಾತಿನ ಹೊತ್ತಿಗೆ ಅರ್ಧ ಸಭೆ ತೂಕಡಿಸುತ್ತಿತ್ತು. ಆ ಐದನೆಯದು ದಾಹದ ಮಾತು. ಬಾವಿ ಬತ್ತಿದ ಊರಿನಲ್ಲಿ ಆ ಮಾತನ್ನು ಬಿಡಿಸಿ ಹೇಳಬೇಕಾದ ಅಗತ್ಯ ಯಾರಿಗೂ ಇರಲಿಲ್ಲ.

ಈಸ್ಟರ್ ಯಾವತ್ತು ಎಂದು ದೊಡ್ಡಪ್ಪ ಕ್ಯಾಲೆಂಡರ್ ನೋಡುತ್ತಿರಲಿಲ್ಲ. ಮಾರ್ಚ್ 21 ಅಥವಾ ಆಮೇಲೆ ಬರುವ ಹುಣ್ಣಿಮೆಯ ನಂತರದ ಭಾನುವಾರ ಎಂಬುದು ಚರ್ಚಿನ ಸೂತ್ರ. ದೊಡ್ಡಪ್ಪನ ಸೂತ್ರ, "ಯುಗಾದಿ ಚಂದ್ರ ತುಂಬ್ಲಿ, ಆಮೇಲಿನ ಭಾನ್ವಾರ." ಹೆಚ್ಚಿನ ವರ್ಷ ಎರಡೂ ಹೊಂದಿಕೊಳ್ಳುತ್ತಿದ್ದವು. ಆ ದಿನ ಬೆಳಕು ಹರಿಯುವ ಮೊದಲೇ ಸಮಾಧಿ ತೋಟಕ್ಕೆ ನಡೆಯುತ್ತಿದ್ದೆವು. ಸವೆಯತೊಡಗಿದ ಚಂದ್ರ ಪಡುವಣದಲ್ಲಿ ಇನ್ನೂ ಇದ್ದ. ದೂರದಲ್ಲಿ ಮಧುಗಿರಿಯ ಏಕಶಿಲಾ ಬೆಟ್ಟ ಕಪ್ಪಗೆ ನಿಂತಿತ್ತು. ನಮ್ಮ ತಾತನ ಗೋರಿಯ ಮೇಲೆ ಅಜ್ಜಿ ಮೇಣದ ಬತ್ತಿ ಹಚ್ಚಿದರು. ಅಯ್ಯನವರು ಸತ್ತವರ ಹೆಸರುಗಳನ್ನೂ ಓದಿದರು. ಆ ವರ್ಷ ಆ ಪಟ್ಟಿ ಓದುವಾಗ ಅವರ ದನಿ ಎರಡು ಸಲ ಕಟ್ಟಿತು.

ಮೇ ತಿಂಗಳಲ್ಲಿ ಚಾರ್ಜ್ ಕೊಡುವ ದಿನ. ಇಬ್ಬರು ಅಯ್ಯನವರೂ ಮೇಜಿನ ಎರಡು ಕಡೆ ಕೂತರು, ಕಮಿಟಿಯವರು ಸುತ್ತ ನಿಂತರು. ಹಸಿರು ಬಣ್ಣದ ಕಬ್ಬಿಣದ ಟ್ರಂಕು ತೆಗೆದು ಒಂದೊಂದೇ ಎಣಿಸಿ ಒಪ್ಪಿಸಿದರು. ದೀಕ್ಷಾಸ್ನಾನದ ರಿಜಿಸ್ಟರ್, ಮದುವೆಯ ರಿಜಿಸ್ಟರ್, ಸಮಾಧಿಯ ರಿಜಿಸ್ಟರ್. ಮದುವೆಯದು 1872ರ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಸರ್ಕಾರಕ್ಕೂ ಲೆಕ್ಕ ಕೊಡಬೇಕಾದದ್ದು, ಅದನ್ನು ಪುಟ ಪುಟ ತಿರುವಿ ನೋಡಿದರು. ಬಳಿಕ ಬಟ್ಟಲು, ರೊಟ್ಟಿಯ ತಟ್ಟೆ, ಬಿಳಿ ಬಟ್ಟೆ, ಕಾಣಿಕೆ ಚೀಲ, ಕೀಲಿಕೈ ಗೊಂಚಲು. ಟ್ರಂಕಿನ ತಳದಲ್ಲಿ ಒಂದು ಪೊಟ್ಟಣ ಉಳಿದಿತ್ತು. "ಒಣದ್ರಾಕ್ಷಿ" ಎಂದರು ಹಳೆಯ ಅಯ್ಯನವರ ಹೆಂಡತಿ, ನಮ್ಮ ಬಾಯಲ್ಲಿ ಅಮ್ಮನವರು. "ಭೋಜನದ ರಸಕ್ಕೆ ಶನಿವಾರ ರಾತ್ರಿಯೇ ನೆನೆ ಹಾಕ್ಬೇಕು. ಇಲ್ಲಿ ಬೇರೇನೂ ಸಿಗಲ್ಲ." ಹೊಸ ಅಮ್ಮನವರು ಪೊಟ್ಟಣವನ್ನು ಸೆರಗಿನಲ್ಲಿ ಕಟ್ಟಿಕೊಂಡರು. ರಿಜಿಸ್ಟರಿಗೆ ಸಹಿ ಬಿತ್ತು. ಎಮ್ಮೆ, ಮಗಳು, ಹೊಲ ಇವುಗಳ ಲೆಕ್ಕ ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಅದು ಸೈಕಲ್ಲಿನ ಜೊತೆ ಲಾರಿ ಹತ್ತಿ ಹೋಯಿತು.

ಹೊಸ ಅಯ್ಯನವರು ಬೆಂಗಳೂರಿನವರು. ಇನ್ನೂ ಚಿಕ್ಕ ವಯಸ್ಸು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಮೋಟಾರ್ ಸೈಕಲ್ಲಿನಲ್ಲಿ ಬಂದರು, ಬೆನ್ನಿಗೆ ಗಿಟಾರ್ ಕಟ್ಟಿಕೊಂಡು. ಆ ಶಬ್ದಕ್ಕೆ ಕೇರಿಯ ನಾಯಿಗಳೆಲ್ಲ ಎದ್ದವು. ಹುಡುಗರಿಗೆ ಖುಷಿ, ಹಿರಿಯರಿಗೆ ಅನುಮಾನ. "ಗಿಟಾರ್ ಐತೆ, ಪಂಚೆ ಇಲ್ಲ" ಎಂದು ಅತ್ತೆ ಒಂದೇ ಸಾಲಿನಲ್ಲಿ ವರದಿ ಒಪ್ಪಿಸಿದರು.

ಅವರ ಮೊದಲ ತಿಂಗಳಲ್ಲೇ ಮೃಗಶಿರ ಮಳೆ ಒಂದು ಶನಿವಾರ ರಾತ್ರಿ ಬಿತ್ತು. ಬೆಳಗ್ಗೆ ಗಂಟೆ ಹೊಡೆದರು. ಬಂದದ್ದು ಇಬ್ಬರು ಮುದುಕಿಯರು, ಜ್ವರ ಬಂದ ಒಂದು ಮಗು. ಉಳಿದವರೆಲ್ಲ ಹೊಲದಲ್ಲಿದ್ದರು. ಅಯ್ಯನವರು ಖಾಲಿ ಬೆಂಚುಗಳಿಗೆ ಆರಾಧನೆ ನಡೆಸಿ, ಮಧ್ಯಾಹ್ನ ನೇರವಾಗಿ ದೊಡ್ಡಪ್ಪನ ಹೊಲಕ್ಕೇ ಬಂದರು. ಮುಖ ಗಂಟಿಕ್ಕಿತ್ತು.

"ಭಾನುವಾರ ವಿಶ್ರಾಂತಿ ದಿನ ಅಲ್ವಾ ಹಿರಿಯರೇ?"

"ಹೌದು ಅಯ್ನೋರೇ. ಆದ್ರೆ ಮಳೆಗೆ ಭಾನ್ವಾರ ಸೋಮ್ವಾರ ಗೊತ್ತಾಗಲ್ವಲ್ಲ. ಇವತ್ತು ಹದ ತಪ್ಪಿದ್ರೆ ಬೀಜ ಒಳಗೇ ಸುಡ್ತದೆ. ರಾತ್ರಿ ಮಡಗಿ ಆರಾಧನೆನ, ಎಲ್ರೂ ಬತ್ತಾರೆ."

ರಾತ್ರಿ ಎಂಟಕ್ಕೆ ಗ್ಯಾಸ್‌ಲೈಟ್ ಹಚ್ಚಿ ಗಂಟೆ ಹೊಡೆದರು. ಕಾಲಿನ ಮಣ್ಣು ಕೂಡ ತೊಳೆಯದೆ ಜನ ಬಂದರು, ಕೂರಲು ಜಾಗವಿರಲಿಲ್ಲ. ಅವತ್ತು ಅವರು ಬರೆದು ತಂದಿದ್ದ ಪ್ರಸಂಗವನ್ನು ಮಡಿಸಿ ಜೇಬಿಗೆ ಹಾಕಿ, ಬಿತ್ತುವವನ ಸಾಮ್ಯ ತೆಗೆದುಕೊಂಡರು. ಬಂಡೆಯ ಮೇಲೆ ಬಿದ್ದ ಬೀಜದ ಮಾತು ಬಂದಾಗ ಹಿಂದಿನ ಬೆಂಚಿನಿಂದ ಯಾರೋ, "ಅದು ನಮ್ ಪಾವಗಡದ ನೆಂಟ್ರ ಹೊಲ" ಎಂದರು. ಅಯ್ಯನವರೂ ನಕ್ಕರು.

ಆ ಪಾವಗಡದಲ್ಲಿ ಅವರಿಗೆ ಕಾದಿದ್ದದ್ದು ಬೇರೆ. ಸಂಗೀತದ ನಂಬರ್ ಹೇಳಿ ಕನ್ನಡದಲ್ಲಿ ಎತ್ತಿದರೆ ಅರ್ಧ ಸಭೆ ಅದೇ ರಾಗಕ್ಕೆ ತೆಲುಗಿನಲ್ಲಿ ಹಾಡತೊಡಗಿತು. ಸಭೆಯವರ ಕೈಯಲ್ಲಿದ್ದದ್ದು ತೆಲುಗಿನ ಕ್ರೈಸ್ತ ಕೀರ್ತನೆಗಳ ದಪ್ಪ ಪುಸ್ತಕ. ಪುರುಷೋತ್ತಮ ಚೌಧರಿಯವರಂಥ ಹತ್ತೊಂಬತ್ತನೇ ಶತಮಾನದ ಕವಿಗಳು ನಮ್ಮ ನೆಲದ ರಾಗತಾಳಗಳಲ್ಲೇ ಕಟ್ಟಿದ ಕೀರ್ತನೆಗಳು ಅದರಲ್ಲಿವೆ. ಗಿಟಾರ್ ಆ ತಾಳಕ್ಕೆ ಬಗ್ಗಲಿಲ್ಲ. ಒಬ್ಬ ಮುದುಕ ಕಂಜಿರ ತೆಗೆದ. ಅಯ್ಯನವರು ಗಿಟಾರನ್ನು ಗೋಡೆಗೆ ಒರಗಿಸಿ ಕೈತಾಳ ಹಾಕುತ್ತಾ ನಿಂತರು. ದೀಪಾವಳಿ ಹೊತ್ತಿಗೆ ಅವರಿಗೇ ಮೂರ್ನಾಲ್ಕು ತೆಲುಗು ಕೀರ್ತನೆ ಬಾಯಿಗೆ ಬಂದಿದ್ದವು.

ನಮ್ಮೂರಿನಲ್ಲಿ ಅವರು ನಡೆಸಿದ ಮೊದಲ ಕರ್ತನ ಭೋಜನದ ಒಂದು ಸಂಗತಿ ಹೇಳಲೇಬೇಕು. ಸಿ.ಎಸ್.ಐ. ಕ್ರಮದಲ್ಲಿ ಭೋಜನಕ್ಕೆ ಮುಂಚೆ ಸಮಾಧಾನ ಕೊಡುವುದಿದೆ. ಅಯ್ಯನವರು ತಮ್ಮ ಎರಡೂ ಅಂಗೈ ನಡುವೆ ಹಿರಿಯರ ಅಂಗೈ ಹಿಡಿದು ಕೊಟ್ಟದ್ದನ್ನು ಹಿರಿಯರು ಸಭೆಯೊಳಗೆ ತಂದು ಒಬ್ಬರಿಂದೊಬ್ಬರಿಗೆ ದಾಟಿಸಬೇಕು. ಇವರು ಹಾಗೆ ಮಾಡದೆ ತಾವೇ ಪೀಠದಿಂದ ಇಳಿದು ಬಂದರು. ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದ ಅಜ್ಜಿಯ ಮುಂದೆ ಬಗ್ಗಿ ಕೈ ಚಾಚಿದರು. ಅಜ್ಜಿಯ ಬೆರಳ ಸಂದುಗಳಲ್ಲಿ ಹುಣಸೆಯ ಕಪ್ಪು ಇನ್ನೂ ಹೋಗಿರಲಿಲ್ಲ. ಅವರು ಕೈ ಸೆರಗಿಗೆ ಒರೆಸಿಕೊಂಡರು, ಮತ್ತೊಮ್ಮೆ ಒರೆಸಿಕೊಂಡರು. ಊರಿನ ಅಂಗಡಿಯಲ್ಲಿ ಅವರಿಗೆ ಚಿಲ್ಲರೆಯನ್ನು ಮೇಲಿನಿಂದ ಅಂಗೈಗೆ ಉದುರಿಸುತ್ತಿದ್ದ ಕಾಲ ಅದು. ಕೊಡುವವನ ಬೆರಳು ತಾಕಬಾರದು. ಅಯ್ಯನವರು ಆ ಕೈಯನ್ನು ಎಳೆದು ಹಿಡಿದೇ ಕೊಟ್ಟರು. ಮನೆಗೆ ಬರುವ ದಾರಿಯಲ್ಲಿ ಅಜ್ಜಿ, "ಹುಡ್ಗ ಪರ್ವಾಗಿಲ್ಲ" ಎಂದರು. ಅಜ್ಜಿಯ ಬಾಯಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರಿಗೂ ಸಿಕ್ಕಿರಲಿಲ್ಲ.

ಅಂಥ ಅಯ್ಯನವರಿಗೂ ಅಜ್ಜಿಗೂ, ಬೆಳೆಯ ಪಾಲನ್ನು ದೇವರಿಗೆ ತಂದೊಪ್ಪಿಸುವ ಸುಗ್ಗಿಹಬ್ಬದ ವಿಷಯದಲ್ಲಿ ಜಟಾಪಟಿಯಾಯಿತು.

ಅಯ್ಯನವರು ವರ್ಷದ ಕಾರ್ಯಕ್ರಮವನ್ನೆಲ್ಲ ಮೊದಲೇ ಅಚ್ಚು ಹಾಕಿಸಿದ್ದರು. ಅದರಲ್ಲಿ ಸುಗ್ಗಿಹಬ್ಬ ಅಕ್ಟೋಬರ್ ತಿಂಗಳ ಒಂದು ಭಾನುವಾರಕ್ಕಿತ್ತು, ಎಲ್ಲ ಊರಿನವರೂ ಮಧುಗಿರಿಗೆ ಬಂದು ಸೇರಬೇಕೆಂದು. ಪೇಟೆಯ ಚರ್ಚುಗಳಲ್ಲಿ ಹಬ್ಬ ಯಾವ ಭಾನುವಾರವಾದರೂ ನಡೆಯುತ್ತದೆ, ಅಲ್ಲಿ ಸುಗ್ಗಿ ಮಾರ್ಕೆಟ್ಟಿನಿಂದ ಬರುತ್ತದೆ. ನಮ್ಮಲ್ಲಿ ಅಕ್ಟೋಬರ್ ಎಂದರೆ ಹಸ್ತ ಮಳೆ ಮುಗಿದು ಚಿತ್ತೆ ಹಿಡಿಯುವ ಹೊತ್ತು. ರಾಗಿ ತೆನೆಯಲ್ಲಿ ಹಾಲು. ಕಡ್ಲೆಕಾಯಿ ಇನ್ನೂ ಮಣ್ಣಿನೊಳಗೆ. ಒಂದು ಮಳೆ ಬಂದರೆ ಬೆಳೆ, ಬರದಿದ್ದರೆ ದನಕ್ಕೆ ಮೇವು. ಆ ವರ್ಷ ಆ ಒಂದು ಮಳೆ ಬಂದಿರಲಿಲ್ಲ.

ಕಮಿಟಿಯಲ್ಲಿ ದೊಡ್ಡಪ್ಪ ಒಮ್ಮೆ ಹೇಳಿ ನೋಡಿದರು, "ಕಣ ಮುಗೀದೆ ಸುಗ್ಗಿಹಬ್ಬ ಹೆಂಗ್ ಅಯ್ನೋರೇ?" ಅಯ್ಯನವರು, "ದೇವರಿಗೆ ಮುಂಚಿತವಾಗಿಯೇ ಕೃತಜ್ಞತೆ ಹೇಳೋಣ, ಅದೇ ನಂಬಿಕೆ" ಎಂದರು. ನಂಬಿಕೆಯ ಹೆಸರು ಬಂದ ಮೇಲೆ ದೊಡ್ಡಪ್ಪ ಸುಮ್ಮನಾದರು.

ಹಬ್ಬದ ದಿನ ಬಂತು. ಬರಿಗೈಯಲ್ಲಿ ಹೋಗಬಾರದೆಂದು ಜನ ಮಧುಗಿರಿ ಪೇಟೆಯಲ್ಲೇ ಕೊಂಡು ತಂದಿದ್ದರು. ಪೀಠದ ಮುಂದೆ ಎಲೆಕೋಸು, ಸೇಬು, ಪ್ಲಾಸ್ಟಿಕ್ ಕವರಿನಲ್ಲಿ ಕಡ್ಲೆಬೇಳೆ, ಒಂದು ಬಿಸ್ಕತ್ತಿನ ಡಬ್ಬ. ಸಾಲ ಮಾಡಿ ಕೊಂಡವರೂ ಇದ್ದರು. ಆರಾಧನೆಯಾದ ಮೇಲೆ ಹರಾಜು. ದೊಡ್ಡಪ್ಪ ಎಲೆಕೋಸು ಎತ್ತಿ ಹಿಡಿದು ಕೂಗಿದರು. ಪ್ರತಿ ವರ್ಷವೂ ಹರಾಜಿನಲ್ಲಿ "ಇದು ಯಾರ ಹೊಲದ್ದು?" ಎಂದು ಕೇಳುವುದು ವಾಡಿಕೆ. ಯಾರೋ ಕೇಳಿದರು. ದೊಡ್ಡಪ್ಪ ಗಂಭೀರವಾಗಿ, "ಅಂಗಡಿ ಹೊಲದ್ದು" ಎಂದರು. ಒಂದು ಗಳಿಗೆ ನಗು ಎದ್ದಿತು, ಆಮೇಲೆ ಯಾರೂ ಸವಾಲು ಏರಿಸಲಿಲ್ಲ.

ಅಜ್ಜಿ ಮಾತ್ರ ಏನನ್ನೂ ತಂದಿರಲಿಲ್ಲ. ಬಾಗಿಲಲ್ಲಿ ಅಯ್ಯನವರು, "ಏನಜ್ಜಿ, ಈ ಸಲ ದೇವರಿಗೆ ಏನೂ ಇಲ್ವಾ?" ಎಂದು ತಮಾಷೆಗೇ ಕೇಳಿದರು.

"ನನ್ ಹೊಲ ನಂಗಿನ್ನೂ ಕೊಟ್ಟಿಲ್ಲ ಕಣಪ್ಪ. ನಾನ್ ಎಲ್ಲಿಂದ ಕೊಡ್ಲಿ?"

ಅಜ್ಜಿಯ ಹೊಲ ಎಂದರೆ ಸರ್ಕಾರ ಕೊಟ್ಟಿದ್ದ ಒಂದೂವರೆ ಎಕರೆ ಕಲ್ಲುನೆಲ. ಅಯ್ಯನವರು ತಿರುಗಿ ಮಾತಾಡಲಿಲ್ಲ. ಆದರೆ ಮಾರನೆಯ ದಿನ ಬೆಳಗ್ಗೆಯೇ ಯೆಜ್ಡಿ ನಮ್ಮ ಮನೆ ಮುಂದೆ ನಿಂತಿತು. "ಅಜ್ಜಿ, ಹೊಲ ತೋರಿಸಿ" ಎಂದರು. ಅಜ್ಜಿಯ ಹಿಂದೆ ನಾನೂ ಹೋದೆ. ಅಜ್ಜಿ ಒಂದು ತೆನೆ ಮುರಿದು ಕಾಳನ್ನು ಅವರ ಉಗುರಿನ ನಡುವೆ ಇಟ್ಟು ಒತ್ತಿಸಿದರು. ಬೆಳ್ಳಗೆ ಹಾಲು ಒಸರಿತು. "ಇದು ಗಟ್ಟಿ ಆಗ್ಬೇಕು. ಅದಕ್ಕೆ ಒಂದ್ ಮಳೆ ಬೇಕು. ಈಗ ಮಳೆ ಕೇಳೋ ಕಾಲ, ಸ್ತೋತ್ರ ಹೇಳೋ ಕಾಲ ಅಲ್ಲ. ಸುಗ್ಗಿ ಆದ್ಮೇಲೆ ನೀವ್ ಕರೀದಿದ್ರೂ ನಾವೇ ತತ್ತೀವಿ."

ಆ ವಾರ ಅಯ್ಯನವರು ಊರೂರಿಗೂ ಹೇಳಿ ಕಳಿಸಿ ಮಳೆಗಾಗಿ ಪ್ರಾರ್ಥನೆ ಇಟ್ಟರು, ಮೂರು ರಾತ್ರಿ. ಮಳೆ ಬಂತೇ ಎಂದು ನೀವು ಕೇಳುತ್ತೀರಿ. ಸ್ವಾತಿಯಲ್ಲಿ ಬಂತು. ತಡವಾಗಿ, ಅಲ್ಲೊಂದಿಷ್ಟು ಇಲ್ಲೊಂದಿಷ್ಟು. ಅಜ್ಜಿಯ ಹೊಲದಲ್ಲಿ ಅರ್ಧ ಬೆಳೆ ಉಳಿಯಿತು, ದೊಡ್ಡಪ್ಪನ ಹೊಲದಲ್ಲಿ ಅದೂ ಇಲ್ಲ. ಸಿರಾ ಕಡೆಯ ಕಡ್ಲೆಕಾಯಿ ಜೊಳ್ಳಾಯಿತು. ಪವಾಡವೆಂದು ಯಾರೂ ಹೇಳಲಿಲ್ಲ. ಆದರೆ ಆ ಮೂರು ರಾತ್ರಿ ಅಯ್ಯನವರು ಪ್ರಾರ್ಥನೆಯಲ್ಲಿ ಒಬ್ಬೊಬ್ಬರ ಹೊಲವನ್ನೂ ಹೆಸರು ಹಿಡಿದು ಹೇಳಿದರು. ಹಳ್ಳದ ಹೊಲ, ಗುಡ್ಡದ ಹೊಲ, ಅಜ್ಜಿಯ ಒಂದೂವರೆ ಎಕರೆ. ಪ್ರಾರ್ಥನೆ ಮತ್ತೆ ಉದ್ದವಾಯಿತು, ಮೊಣಕಾಲು ಮತ್ತೆ ನೋಯಿತು.

ಅಲ್ಲಿಂದ ಮುಂದೆ ದಿನಗಳು ಬೇಗ ಓಡಿದವು. ಡಿಸೆಂಬರ್ ಬಂತು, ಸೊಗಡು ಅವರೆ ಬಂತು. ಕ್ಯಾರಲ್ ರೌಂಡ್ಸಿಗೆ ಹೊರಟರೆ ಮನೆ ಮನೆಯಲ್ಲಿ ಕರ್ಜಿಕಾಯಿ, ಕಜ್ಜಾಯ, ಮಧ್ಯರಾತ್ರಿಯಲ್ಲೂ ಹಿದಕಬೇಳೆ ಸಾರಿನ ವಾಸನೆ. ಆಗ ಗಿಟಾರ್ ಕೆಲಸಕ್ಕೆ ಬಂತು, ತಮಟೆಯೂ ಸೇರಿಕೊಂಡಿತು. ಹಿರಿಯರಲ್ಲಿ ಕೆಲವರು ತಮಟೆ ಬೇಡವೆಂದರು. ಊರ ಸಾವಿಗೂ ಜಾತ್ರೆಗೂ ಬಿಟ್ಟಿ ಬಡಿದ ವಾದ್ಯವನ್ನು ಚರ್ಚಿಗೆ ತರಬೇಕೇ ಎಂಬುದು ಅವರ ನೋವು. "ಇಲ್ಲಿ ಯಾರ ಅಪ್ಪಣೆಗೂ ಬಡೀತಾ ಇಲ್ವಲ್ಲ" ಎಂದರು ಅಯ್ಯನವರು. ಹೊಸ ವರ್ಷದ ಮೊದಲ ಭಾನುವಾರ ಒಡಂಬಡಿಕೆಯ ಆರಾಧನೆ. ವೆಸ್ಲಿ 1755ರಲ್ಲಿ ಆರಂಭಿಸಿದ್ದು, ಮೆಥೊಡಿಸ್ಟ್ ಮೂಲದ ಸಭೆಗಳು ಈಗಲೂ ಬಿಟ್ಟಿಲ್ಲ. ತಮ್ಮನ್ನು ತಾವು ಮತ್ತೆ ದೇವರ ಕೈಗೆ ಒಪ್ಪಿಸಿಕೊಡುವ ದಿನ. ಬೆಳೆ ಅರ್ಧ ಹೋದ ವರ್ಷವೂ ಜನ ಗಟ್ಟಿ ದನಿಯಲ್ಲಿಯೇ ಉತ್ತರ ಕೊಟ್ಟರು.

ಜನವರಿ ಮುಗಿಯುತ್ತ ಕಣದ ಕೆಲಸ ಮುಗಿಯಿತು. ಒಂದು ಸಂಜೆ ಅಯ್ಯನವರು ಬಂದು ಜಗಲಿಯ ಮೇಲೆ ಕೂತು, "ಹಿರಿಯರೇ, ಸುಗ್ಗಿಹಬ್ಬ ಯಾವತ್ತು ಮಾಡೋಣ? ನೀವೇ ಹೇಳಿ" ಎಂದರು. ಒಂದು ಸಲ ಆಗಿಹೋದ ಹಬ್ಬ. ದೊಡ್ಡಪ್ಪ ಅದನ್ನು ಎತ್ತಿ ಆಡಲಿಲ್ಲ, ತಾರೀಕು ಹೇಳಿದರು.

ಆ ಹಬ್ಬವನ್ನು ನೀವು ನೋಡಬೇಕಿತ್ತು. ಮಧುಗಿರಿಯಲ್ಲಲ್ಲ, ನಮ್ಮೂರಿನ ಪುಟ್ಟ ಚರ್ಚಿನಲ್ಲೇ. ಪೀಠದ ಮುಂದೆ ಮೊರಗಳಲ್ಲಿ ರಾಗಿ, ತೊಗರಿ, ಹುರುಳಿ, ಅವರೆ. ಕುಂಬಳಕಾಯಿ. ಕಾಲು ಕಟ್ಟಿದ ಹುಂಜ, ಪ್ರಸಂಗದ ನಡುವೆ ಎರಡು ಸಲ ಕೂಗಿ ಎಲ್ಲರನ್ನೂ ಯೇಸುವನ್ನು ಅರಿಯೆನೆಂದ ಪೇತ್ರನ ಕತೆಗೆ ಎಳೆದುಕೊಂಡು ಹೋಯಿತು. ಪಾವಗಡದವರು ಹುಣಸೆಹಣ್ಣಿನ ಉಂಡೆ ತಂದಿದ್ದರು, ಕೊರಟಗೆರೆಯವರು ತೆಂಗಿನಕಾಯಿ. ಅಜ್ಜಿ ತಮ್ಮ ರಾಗಿಯನ್ನು ಸೇರಿನಲ್ಲಿ ಅಳೆದು ತಂದು ಸುರಿದರು, ಸೇರಿನ ಮೇಲೆ ಗೋಪುರ ಬರುವಷ್ಟು ತುಂಬಿ. ಬೆಳೆಯೇ ಇಲ್ಲದ ದೊಡ್ಡಪ್ಪ ಒಂದು ಹೊರೆ ರಾಗಿಹುಲ್ಲು ತಂದು ಬಾಗಿಲಲ್ಲಿಟ್ಟರು. ಅದೂ ಹರಾಜಾಯಿತು.

ಹರಾಜಿಗೆ ಊರಿನ ಬೇರೆ ಜನರೂ ಬಂದು ನಿಂತಿದ್ದರು. ಒಂದು ನಾಟಿ ಕೋಳಿಯ ಮೊಟ್ಟೆ ಎತ್ತಿದರು. "ಒಂದ್ಸಾರಿ, ಎರಡ್ಸಾರಿ, ಮೂರ್ಸಾರಿ!" ಕೊಂಡವನು, "ದೇವರಿಗೇ ಇರ್ಲಿ" ಎಂದು ಮರಳಿ ಕೊಟ್ಟ. ಮತ್ತೆ ಕೂಗಿದರು, ಮತ್ತೊಬ್ಬ ಕೊಂಡು ಮರಳಿ ಕೊಟ್ಟ. ಹೀಗೆ ಆ ಮೊಟ್ಟೆ ಹುಂಜಕ್ಕಿಂತ ಹೆಚ್ಚು ದುಡಿಯಿತು. ಕೊನೆಗೆ ಅಯ್ಯನವರು ಕೊಂಡು ಅಜ್ಜಿಯ ಕೈಗೆ ಕೊಟ್ಟರು. "ಯಾರ ಹೊಲದ್ದು?" ಎಂದು ಈ ಸಲ ಕೇಳಿದವರೂ ಅವರೇ. ಪ್ರತಿ ಮೊರಕ್ಕೂ ಕೇಳಿದರು, ಪ್ರತಿ ಮೊರಕ್ಕೂ ಒಂದು ಹೆಸರು ಸಿಕ್ಕಿತು.

ಇಲ್ಲಿಗೆ ನಿಲ್ಲಿಸಿದರೆ ಹಳ್ಳಿಯವರು ಗೆದ್ದ ಕತೆಯಾಗುತ್ತದೆ. ಅದು ಅರ್ಧ ಸತ್ಯ. ಅದೇ ವರ್ಷದ ಶುಭ ಶುಕ್ರವಾರಕ್ಕೆ ಅಯ್ಯನವರು ಏಳು ಮಾತುಗಳಲ್ಲಿ ಮೂರನೆಯದನ್ನು, ತಾಯಿಯನ್ನು ಕುರಿತದ್ದನ್ನು, ನಮ್ಮ ಅತ್ತೆಗೆ ಕೊಟ್ಟರು. ಹಿರಿಯರು ಹೌಹಾರಿದರು. ಪೀಠದ ಬಳಿ ಹೆಂಗಸು ನಿಂತು ಮಾತಾಡಿದ್ದನ್ನು ಅವರು ಕಂಡಿರಲಿಲ್ಲ. ಸಿ.ಎಸ್.ಐ. 1976ರಲ್ಲೇ ಹೆಣ್ಣುಮಕ್ಕಳಿಗೆ ಸಭಾಪಾಲಕರ ಅಭಿಷೇಕ ಕೊಟ್ಟಿತ್ತು. ಆ ಸುದ್ದಿ ನಮ್ಮ ಕೇರಿಗೆ ಬಂದದ್ದು ಅವತ್ತು. ಅತ್ತೆ ಓದು ಬಲ್ಲವರಲ್ಲ. ಎರಡು ವರ್ಷದ ಕೆಳಗೆ ಕಲ್ಲು ಕ್ವಾರಿಯಲ್ಲಿ ಮಗನನ್ನು ಕಳೆದುಕೊಂಡಿದ್ದರು. ಎದ್ದು ನಿಂತು, ಮರಿಯಮ್ಮನಿಗೆ ನೋಡಿಕೊಳ್ಳಲು ಯೋಹಾನನಾದರೂ ಇದ್ದ, ನನಗೆ ಈ ಸಭೆ ಇದೆ ಎಂಬರ್ಥದ ನಾಲ್ಕು ಮಾತು ಆಡಿ ಕೂತರು. ಅವತ್ತು ಐದನೆಯ ಮಾತಿನವರೆಗೂ ಯಾರೂ ತೂಕಡಿಸಲಿಲ್ಲ. ಮುಂದಿನ ವರ್ಷ ಪಾಠ ಓದಲು ನನ್ನನ್ನು ಕರೆದರು. ಮಳೆಯ ಲೆಕ್ಕ ಅವರು ನಮ್ಮಿಂದ ಕಲಿತರು, ಹೆಂಗಸರ ಮಾತಿಗೆ ಜಾಗ ಕೊಡುವುದನ್ನು ನಾವು ಅವರಿಂದ ಕಲಿತೆವು. ಅಯ್ಯನವರು ಬದಲಾಗದೆ ಇದ್ದಿದ್ದರೆ ಎರಡೂ ಆಗುತ್ತಿರಲಿಲ್ಲ ಎಂದು ನನಗೆ ಈಗ ಅನಿಸುತ್ತದೆ. ಸೈಕಲ್ಲಿನ ಅಯ್ಯನವರಿಗೆ ನಮ್ಮ ವಿಷಯ ಎಲ್ಲ ಗೊತ್ತಿತ್ತು, ಹಾಗಾಗಿ ಅವರು ಏನನ್ನೂ ಕೇಳುತ್ತಿರಲಿಲ್ಲ.

ಯೆಜ್ಡಿಯ ಅಯ್ಯನವರಿಗೂ ವರ್ಗವಾಯಿತು. ಚಾರ್ಜ್ ಕೊಡುವ ದಿನ ಟ್ರಂಕಿನಲ್ಲಿ ರಿಜಿಸ್ಟರುಗಳ ಜೊತೆ ಒಂದು ನೋಟ್‌ಬುಕ್ ಹೆಚ್ಚಿಗೆ ಇತ್ತು. ಯಾವ ಊರಲ್ಲಿ ಯಾವ ಮಳೆಗೆ ಬಿತ್ತನೆ, ಯಾವ ತಿಂಗಳು ಆರಾಧನೆ ರಾತ್ರಿ ಇಡಬೇಕು, ಪಾವಗಡದಲ್ಲಿ ಯಾವ ತೆಲುಗು ಕೀರ್ತನೆ, ಎಲ್ಲಿ ಕಣ ಯಾವಾಗ. ಆಮೇಲೆ ಬಂದವರೂ ಅದರಲ್ಲಿ ಬರೆಯುತ್ತ ಹೋದರು.

ಅಜ್ಜಿ, ದೊಡ್ಡಪ್ಪ ಈಗ ಸಮಾಧಿ ತೋಟದಲ್ಲಿದ್ದಾರೆ. ಈಸ್ಟರ್ ಬೆಳಗಿನ ಪಟ್ಟಿಯಲ್ಲಿ ಅವರ ಹೆಸರೂ ಬರುತ್ತದೆ. ಪಾವಗಡದ ತಿರುಮಣಿ ಸುತ್ತಮುತ್ತ ಹದಿಮೂರು ಸಾವಿರ ಎಕರೆ ನೆಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿದೆ, 2050 ಮೆಗಾವ್ಯಾಟ್ ವಿದ್ಯುತ್ತು. ಹೊಲವಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರುವಾಯಿತು. ಹೊಲವಿಲ್ಲದೆ ಕಡ್ಲೆಕಾಯಿ ಕೀಳಲು ಕೂಲಿಗೆ ಹೋಗುತ್ತಿದ್ದವರಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಹೋಯಿತು. ನಮ್ಮ ಹುಡುಗ ಹುಡುಗಿಯರು ತುಮಕೂರು, ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿದ್ದಾರೆ. ಸುಗ್ಗಿಹಬ್ಬದಲ್ಲಿ ಮೊರಗಳು ಕಮ್ಮಿ, ಕವರುಗಳು ಹೆಚ್ಚು. ಮೊಟ್ಟೆಯ ಹರಾಜಿಗೆ ಫೋನ್‌ಪೇ ಬಂದಿದೆ.

ಹಾಗಾದರೆ ಇನ್ನು ಯಾವ ಭಾನುವಾರವಾದರೇನು, ಕ್ಯಾಲೆಂಡರಿನಲ್ಲಿ ಒಂದು ದಿನ ಗುರುತು ಹಾಕಿಬಿಡೋಣ ಎಂದು ಕಮಿಟಿಯಲ್ಲಿ ಕೆಲವರು ವಾದಿಸಿದರು. ಈಗಿನ ಅಯ್ಯನವರು ಬಂದು ಇನ್ನೂ ತಿಂಗಳಾಗಿರಲಿಲ್ಲ. ಆ ನೋಟ್‌ಬುಕ್ ಓದಿಕೊಂಡೇ ಬಂದಿದ್ದರು. "ಕಣ ಇರೋ ಊರಿಗೆ ಕಣ ಮುಗಿದ ಮೇಲೆ. ಗಾರ್ಮೆಂಟ್ಸ್‌ನವರಿಗೆ ಸಂಬಳ ಯಾವ ವಾರ ಆಗುತ್ತೆ ಹೇಳಿ. ಪಾವಗಡದ ಕೂಲಿಯವರಿಗೆ ಈ ವರ್ಷ ಎಲ್ಲಿ ಕೆಲಸ ಸಿಕ್ಕಿದೆ, ಅದನ್ನೂ ಕೇಳ್ಕೊಂಡು ಬರ್ತೀನಿ. ಆಮೇಲೆ ತಾರೀಕು ಹಾಕೋಣ" ಎಂದರು. ಅದಕ್ಕೆ ಎಲ್ಲರೂ ಒಪ್ಪಿದರು, ಒಪ್ಪಿಗೆಯ ಕೆಳಗೆ ನಾನೂ ಸಹಿ ಹಾಕಿದೆ.